ಮದ್ದಿಗಿಂತ ಮೊದಲೇ ಹುಟ್ಟಿದವು

ಕಳೆದ ಚಳಿಗಾಲದ ಒಂದು ಸಂಜೆ ತಮ್ಮನ ಮಗಳು ಕೆನಡಾದ ವುಡ್‌ಬ್ರಿಜ್‌ನ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಬೂಟು ಕಳಚಿ, ಕೋಟಿನ ತೋಳು ಮೇಲೆ ಸರಿಸಿ, ಎಡ ಮುಂಗೈಯನ್ನು ನನ್ನ ಮುಂದೆ ಚಾಚಿದಳು. ಒಳಮೈಯಲ್ಲಿ ಹುಣಸೆಬೀಜದಷ್ಟು ಅಗಲಕ್ಕೆ ಚರ್ಮ ಕೆಂಪೇರಿ ಗಟ್ಟಿಯಾಗಿ ಉಬ್ಬಿತ್ತು. ಎರಡೂ ಅಂಚಿಗೆ ಪೆನ್ನಿನ ಗೀಟು. ಇಲ್ಲೇ ವಾನ್‌ನಲ್ಲಿ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಕೆಲಸಕ್ಕೆ ಸೇರುವ ಮುಂಚೆ ಕ್ಷಯದ ಚರ್ಮಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದಿದ್ದರಂತೆ. ನರ್ಸು ಸ್ಕೇಲಿಟ್ಟು ಅಳೆದು 14 ಮಿಲಿಮೀಟರ್ ಎಂದು ಬರೆದುಕೊಟ್ಟಿದ್ದಳು.

“ದೊಡ್ಡಪ್ಪ, ನನಗೆ ಟಿ.ಬಿ. ಅಂತೆ.”

‘ಟಿ.ಬಿ.’ ಅನ್ನುವಾಗ ದನಿ ತಗ್ಗಿಸಿದಳು. ಮನೆಯಲ್ಲಿ ನಾನು, ನನ್ನ ಹೆಂಡತಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲೂ ಆ ಎರಡಕ್ಷರವನ್ನು ಹೀಗೇ ಪಿಸುಗುಡುತ್ತಿದ್ದದ್ದು. ಸಮುದ್ರ ದಾಟಿ ಬಂದರೂ ದನಿ ಅಷ್ಟಕ್ಕಷ್ಟೇ ತಗ್ಗುತ್ತದೆ.

ಅವಳಿಗೆ ಟಿ.ಬಿ. ಇರಲಿಲ್ಲ. ನಮ್ಮಂಥವರ ಎಡ ರಟ್ಟೆಯ ಮೇಲೆ ಮಗುವಾಗಿದ್ದಾಗ ಹಾಕಿದ ಬಿಸಿಜಿ ಲಸಿಕೆಯ ಗುರುತಿರುತ್ತದೆ. ಆ ಲಸಿಕೆಯಿಂದಲೂ ಈ ಪರೀಕ್ಷೆಯಲ್ಲಿ ಚರ್ಮ ಉಬ್ಬಬಹುದು. ಅದಕ್ಕೇ ರಕ್ತ ತೆಗೆದು ಬಿಸಿಜಿಗೆ ಮೋಸಹೋಗದ ಇನ್ನೊಂದು ಪರೀಕ್ಷೆ ಮಾಡಿದರು. ಅದೂ ಪಾಸಿಟಿವ್ ಬಂತು. ಆದರೆ ಎದೆಯ ಎಕ್ಸ್‌ರೇ ಚೊಕ್ಕವಾಗಿತ್ತು. ಕೆಮ್ಮಿಲ್ಲ, ಸಂಜೆ ಜ್ವರವಿಲ್ಲ, ತೂಕ ಇಳಿದಿಲ್ಲ. ಅಂದರೆ ಎಂದೋ ಒಂದು ದಿನ, ತುಮಕೂರಿನ ಬಸ್ಸಿನಲ್ಲೋ ಕಾಲೇಜು ಹಾಸ್ಟೆಲಿನಲ್ಲೋ, ಯಾರೋ ಕೆಮ್ಮಿದ ಗಾಳಿಯಲ್ಲಿ ತೇಲಿ ಬಂದ ಒಂದೆರಡು ರೋಗಾಣು ಅವಳ ಶ್ವಾಸಕೋಶ ಹೊಕ್ಕಿವೆ. ಮೈಯ ಕಾವಲು ಕೋಶಗಳು ಅವನ್ನು ಸುತ್ತುಗಟ್ಟಿ ಕೂರಿಸಿವೆ. ಭೂಮಿಯ ಜನರಲ್ಲಿ ಹತ್ತಿರಹತ್ತಿರ ಕಾಲು ಭಾಗಕ್ಕೆ ಇಂಥ ಸುಪ್ತ ಸೋಂಕು ತಗುಲಿದೆ ಎಂದು ಅಂದಾಜು. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಯಾವಾಗಲೋ ಅದು ಕಾಯಿಲೆಯಾಗಿ ಏಳುತ್ತದೆ. ಮಿಕ್ಕವರು ಗೊತ್ತೇ ಆಗದೆ ಅದನ್ನು ಹೊತ್ತುಕೊಂಡು ಬದುಕಿ, ಬೇರೆ ಯಾವುದಕ್ಕೋ ಸಾಯುತ್ತಾರೆ.

ಕೆನಡಾದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಐದಾರು ಮಂದಿಗೆ ಕ್ಷಯ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಭಾರತದ ಸಂಖ್ಯೆ ಲಕ್ಷಕ್ಕೆ 195. ಇಲ್ಲಿ ಕಾಯಿಲೆ ಬೀಳುವವರಲ್ಲಿ ಮುಕ್ಕಾಲು ಪಾಲು ಹೊರದೇಶದಲ್ಲಿ ಹುಟ್ಟಿದವರು, ಹೆಚ್ಚಿನವರಿಗೆ ಎದ್ದದ್ದು ಊರಿಂದಲೇ ಹೊತ್ತು ತಂದ ಹಳೆಯ ಸೋಂಕು. ವಲಸೆಗೆ ಮುಂಚಿನ ಎಕ್ಸ್‌ರೇ ಎದ್ದ ಕಾಯಿಲೆಯನ್ನು ಹಿಡಿಯುತ್ತದೆ, ಮಲಗಿದ್ದನ್ನು ಹಿಡಿಯಲಾರದು. ಮಲಗಿದ್ದು ಏಳದಂತೆ ಯಾರ್ಕ್ ಪ್ರದೇಶದ ಸಾರ್ವಜನಿಕ ಆರೋಗ್ಯ ವಿಭಾಗದ ಮೂಲಕ ಅವಳಿಗೆ ಮಾತ್ರೆ ಬಂತು. ಒಂಟಾರಿಯೋದಲ್ಲಿ ಕ್ಷಯದ ಔಷಧಕ್ಕೆ ದುಡ್ಡು ಕೇಳುವುದಿಲ್ಲ. ರಿಫಾಂಪಿಸಿನ್, ದಿನಕ್ಕೊಂದು ಸಲ, ನಾಲ್ಕು ತಿಂಗಳು.

ಮಾತ್ರೆ ಶುರುವಾದ ಎರಡನೇ ದಿನ ದೊಡ್ಡಮ್ಮನಿಗೆ ಫೋನು ಬಂತು: ಮೂತ್ರ ಕೇಸರಿಬಾತಿನ ಬಣ್ಣಕ್ಕೆ ತಿರುಗಿದೆ, ರಕ್ತವಿರಬಹುದೇ? ಆ ಔಷಧದ ಗುಣವೇ ಅದು, ಕಣ್ಣೀರೂ ಕೇಸರಿಯಾಗುತ್ತದೆ, ಸದ್ಯಕ್ಕೆ ಅಳಬೇಡ ಅಂದಳು ನನ್ನ ಹೆಂಡತಿ. ಮೂರನೇ ವಾರ ಬಂದದ್ದು ನನ್ನ ಪಾಲಿನ ಪ್ರಶ್ನೆ. “ದೊಡ್ಡಪ್ಪ, ಊರಲ್ಲಿ ಎದುರುಮನೆ ಅಜ್ಜನಿಗೆ ಟಿ.ಬಿ. ಬಂದಾಗ ನಾಲ್ಕು ಥರದ ಔಷಧಿ ಒಟ್ಟಿಗೆ ಕೊಡ್ತಿದ್ರು. ಒಂದೇ ಕೊಟ್ರೆ ರೋಗಾಣು ಮದ್ದಿಗೆ ಬಗ್ಗದೆ ಹೋಗುತ್ತೆ ಅಂತ ಆಶಾ ಕಾರ್ಯಕರ್ತೆ ಬಂದು ಹೇಳಿ ಹೋಗಿದ್ರು. ಮತ್ತೆ ನನಗ್ಯಾಕೆ ಒಂದೇ? ಇವರು ನನ್ನನ್ನೇ ಕೆಡಿಸ್ತಿಲ್ಲ ತಾನೆ?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಕ್ಷಯದ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಉತ್ತರವಿರುವುದು ಲೆಕ್ಕದಲ್ಲಿ. ನಮ್ಮ ಲಕ್ಷ, ಕೋಟಿಗಳಲ್ಲಿ ಹೇಳಿದರೆ ಇಂಗ್ಲಿಷಿಗಿಂತ ಚೆನ್ನಾಗಿ ಕೂರುವ ಲೆಕ್ಕ ಅದು.

ಮೊದಲು ಆ ಜೀವಿಯ ಸ್ವಭಾವ ಹೇಳಬೇಕು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದದ್ದನ್ನು ಸಾರಿದ. ಮೇಣದಂಥ ದಪ್ಪ ಕೊಬ್ಬಿನ ಗೋಡೆ ಹೊದ್ದ ಸಣ್ಣ ಕಡ್ಡಿ ಅದು. ಬಣ್ಣವೂ ಸುಲಭಕ್ಕೆ ಒಳಗೆ ಇಳಿಯದು, ಮದ್ದೂ ಇಳಿಯದು. ಬೆಳೆಯುವುದರಲ್ಲಂತೂ ಮಹಾ ಸೋಮಾರಿ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾದರೆ, ಇದಕ್ಕೆ ಇಪ್ಪತ್ತು ಗಂಟೆಯಾದರೂ ಬೇಕು. ಲ್ಯಾಬಿನಲ್ಲಿ ಕೋಳಿಮೊಟ್ಟೆ ಕಲಸಿದ ಹಸಿರು ಪಾಕದ ಮೇಲೆ ಅದನ್ನು ಬೆಳೆಸಿ ನೋಡುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಇನ್ನೊಂದು ಗುಣವನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ. ಬೇರೆ ಬ್ಯಾಕ್ಟೀರಿಯಾಗಳು ಮದ್ದು ತಡೆದುಕೊಳ್ಳುವ ಜೀನುಗಳನ್ನು ಅಕ್ಕಪಕ್ಕದ ಮನೆಯವರು ಹೆಪ್ಪು ಕೊಡುವಂತೆ ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಆ ಕೊಡುಕೊಳ್ಳುವಿಕೆಗೆ ಹೋಗುವುದಿಲ್ಲ. ಅದಕ್ಕೆ ನಿರೋಧ ಬರುವ ದಾರಿ ಒಂದೇ: ತನ್ನ ಜೀನೋಮಿನ ನಲವತ್ತನಾಲ್ಕು ಲಕ್ಷ ಅಕ್ಷರಗಳನ್ನು ನಕಲು ಮಾಡಿಕೊಳ್ಳುವಾಗ ಆಗುವ ಕೈತಪ್ಪು.

ಇಷ್ಟು ನಿಧಾನದ, ಇಷ್ಟು ಒಂಟಿಯಾದ ಜೀವಿ ನಮ್ಮ ಔಷಧಗಳನ್ನು ಒಂದೊಂದಾಗಿ ಸೋಲಿಸಿದ್ದು ಹೇಗೆ?

‘ರೋಗಾಣು ಮದ್ದಿಗೆ ಒಗ್ಗಿಹೋಯಿತು’ ಎಂದು ನಾವು ಸಲೀಸಾಗಿ ಹೇಳುತ್ತೇವೆ, ಚಳಿಗೆ ಮೈ ಒಗ್ಗಿದ ಹಾಗೆ. ಮಾತು ಚೆನ್ನಾಗಿದೆ, ಆದರೆ ತಪ್ಪು. ರಾಗಿ ಹಿಟ್ಟನ್ನು ಜರಡಿ ಆಡುವಾಗ ಮೇಲೆ ತರಿ ಉಳಿಯುತ್ತದಲ್ಲ, ಆ ತರಿಯನ್ನು ಜರಡಿ ಮಾಡಲಿಲ್ಲ. ಹಿಟ್ಟಿನಲ್ಲಿ ಮೊದಲೇ ಇತ್ತು, ಜರಡಿ ಉಳಿಸಿ ತೋರಿಸಿತು. 1943ರಲ್ಲಿ ಅಮೆರಿಕದಲ್ಲಿ ಸಾಲ್ವಡೋರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಕರುಳಿನ ಬ್ಯಾಕ್ಟೀರಿಯಾ ಇಟ್ಟುಕೊಂಡು ಇದನ್ನೇ ಸಾಬೀತು ಮಾಡಿದರು. ಬೇರೆಬೇರೆ ನಳಿಗೆಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳ ಮೇಲೆ, ಅವನ್ನು ಕೊಲ್ಲುವ ವೈರಸ್ಸು ಬಿಟ್ಟರು. ವೈರಸ್ಸನ್ನು ಕಂಡ ಮೇಲೆ ಅವು ಒಗ್ಗಿಕೊಳ್ಳುವುದಾದರೆ ಎಲ್ಲ ನಳಿಗೆಯಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯವು ಉಳಿಯಬೇಕಿತ್ತು. ಆದದ್ದು ಬೇರೆ. ಬಹಳ ನಳಿಗೆಗಳಲ್ಲಿ ಒಂದೂ ಉಳಿಯಲಿಲ್ಲ, ಕೆಲವದರಲ್ಲಿ ನೂರಾರು ಉಳಿದವು. ಆ ನೂರಾರು ಉಳಿದ ನಳಿಗೆಯಲ್ಲಿ, ವೈರಸ್ಸು ಬರುವ ಎಷ್ಟೋ ಮುಂಚೆ, ಒಂದು ಬ್ಯಾಕ್ಟೀರಿಯಾದ ನಕಲಿನಲ್ಲಿ ತಪ್ಪಾಗಿ ಅದರ ಮಕ್ಕಳು ಮರಿಮಕ್ಕಳೆಲ್ಲ ಆ ತಪ್ಪನ್ನೇ ಹೊತ್ತು ಹುಟ್ಟಿದ್ದವು. ಅಪಾಯ ಬರುವ ಮೊದಲೇ ತಡೆಯುವವು ಹುಟ್ಟಿದ್ದವು.

ಈಗ ಲೆಕ್ಕಕ್ಕೆ ಬರೋಣ. ಕ್ಷಯದ ಔಷಧಗಳಲ್ಲಿ ಬೆನ್ನೆಲುಬಿನಂಥವು ಎರಡು. ಐಸೋನಿಯಾಜಿಡ್ 1952ರಲ್ಲಿ ಬಂದದ್ದು. ಅದು ಬೀಗ ಹಾಕಿದ ಪೆಟ್ಟಿಗೆಯಂತೆ ರೋಗಾಣುವಿನ ಒಳಗೆ ಹೋಗುತ್ತದೆ. ರೋಗಾಣುವಿನದೇ ಒಂದು ಕಿಣ್ವ ಆ ಬೀಗ ತೆಗೆದರೆ ಮಾತ್ರ ಒಳಗಿನ ವಿಷ ಹೊರಬಂದು ಮೇಣದ ಗೋಡೆ ಕಟ್ಟುವ ಕೆಲಸ ನಿಲ್ಲುತ್ತದೆ. ರಿಫಾಂಪಿಸಿನ್‌ನ ಮೂಲ ಫ್ರಾನ್ಸಿನ ಕಡಲತೀರದ ಪೈನ್ ತೋಪಿನ ಮಣ್ಣು. 1957ರಲ್ಲಿ ಮಿಲಾನಿನ ಲೆಪೆಟಿಟ್ ಪ್ರಯೋಗಾಲಯದವರು ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಅದರ ಮೂಲವಸ್ತುವನ್ನು ತೆಗೆದರು, ಆ ಕಾಲದ ‘ರಿಫಿಫಿ’ ಎಂಬ ಕಳ್ಳತನದ ಸಿನಿಮಾದ ಹೆಸರನ್ನೇ ಅಡ್ಡಹೆಸರಾಗಿ ಇಟ್ಟರು. ಜೀನಿನಲ್ಲಿ ಬರೆದದ್ದನ್ನು ಓದುವ ರೋಗಾಣುವಿನ ಯಂತ್ರದ ಗಂಟಲಲ್ಲಿ ಅದು ಸಿಕ್ಕಿಕೊಳ್ಳುತ್ತದೆ.

ಐಸೋನಿಯಾಜಿಡ್‌ನಿಂದ ತಪ್ಪಿಸಿಕೊಳ್ಳಲು ರೋಗಾಣು ತನ್ನ ಬೀಗ ತೆಗೆಯುವ ಕಿಣ್ವವನ್ನು ಕೆಡಿಸಿಕೊಂಡರೆ ಸಾಕು. ಕೆಡಿಸುವುದಕ್ಕೆ ನೂರೆಂಟು ದಾರಿ. ರಿಫಾಂಪಿಸಿನ್‌ನಿಂದ ತಪ್ಪಿಸಿಕೊಳ್ಳಬೇಕಾದರೆ ಆ ಯಂತ್ರದ ಗಂಟಲಿನ ಆಕಾರ ಬದಲಾಗಬೇಕು, ಯಂತ್ರ ಮಾತ್ರ ನಿಲ್ಲಬಾರದು. ಅದಕ್ಕೆ ಇರುವ ದಾರಿ ಬೆರಳೆಣಿಕೆಯಷ್ಟು. ಆದ್ದರಿಂದ ಮದ್ದನ್ನೇ ಕಾಣದ ಕ್ಷಯದ ರೋಗಾಣುಗಳ ಹಿಂಡಿನಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಐಸೋನಿಯಾಜಿಡ್‌ಗೆ ಬಗ್ಗದ್ದು, ಸುಮಾರು ಹತ್ತು ಕೋಟಿಗೊಂದು ರಿಫಾಂಪಿಸಿನ್‌ಗೆ ಬಗ್ಗದ್ದು ಇರುತ್ತದೆ.

ಕಾಯಿಲೆ ಬಲಿತವನ ಶ್ವಾಸಕೋಶದ ಒಂದು ಪೊಟರೆಯಲ್ಲಿ ನೂರು ಕೋಟಿಯವರೆಗೆ ರೋಗಾಣುಗಳಿರಬಹುದು. ಭಾಗಿಸಿ ನೋಡಿ. ಅವನು ಒಂದು ಮಾತ್ರೆಯನ್ನೂ ನುಂಗುವ ಮೊದಲೇ ಐಸೋನಿಯಾಜಿಡ್‌ಗೆ ಬಗ್ಗದವು ಸಾವಿರ, ರಿಫಾಂಪಿಸಿನ್‌ಗೆ ಬಗ್ಗದವು ಹತ್ತು, ಅವನ ಎದೆಯಲ್ಲಿ ಕೂತಿವೆ. ಒಂದೇ ಔಷಧ ಕೊಟ್ಟರೆ ಮೊದಲ ವಾರಗಳಲ್ಲಿ ಕೆಮ್ಮು ಇಳಿದು, ಹಸಿವು ಬಂದು, ಮೈ ಸ್ವಲ್ಪ ತುಂಬಿಕೊಳ್ಳುತ್ತದೆ. ಆಮೇಲೆ ಆ ಸಾವಿರವೋ ಆ ಹತ್ತೋ ಖಾಲಿಯಾದ ಪೊಟರೆಯಲ್ಲಿ ಪೈಪೋಟಿಯೇ ಇಲ್ಲದೆ ಬೆಳೆಯುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ? ಎರಡಕ್ಕೂ ಏಕಕಾಲಕ್ಕೆ ಬಗ್ಗದ ರೋಗಾಣು ಸಿಗುವುದು ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸಿದಷ್ಟರಲ್ಲಿ ಒಂದು, ಅಂದರೆ ಕೋಟಿ ಕೋಟಿಗೊಂದು. ನೂರು ಕೋಟಿಯ ಪೊಟರೆಯಲ್ಲಿ ಅಂಥದು ಇರುವ ಸಂಭವ ಲಕ್ಷ ರೋಗಿಗಳಲ್ಲಿ ಒಬ್ಬನಿಗೆ. ಸಂಯುಕ್ತ ಚಿಕಿತ್ಸೆಯ ಗುಟ್ಟು ಇಷ್ಟೇ. ಮೂರನೆಯದು, ನಾಲ್ಕನೆಯದು ಸೇರಿಸುವುದು, ರೋಗಿಗೆ ತಗುಲಿದ ರೋಗಾಣು ಮೊದಲೇ ಒಂದಕ್ಕೆ ಬಗ್ಗದ್ದಾಗಿದ್ದರೆ ಎಂಬ ಮುನ್ನೆಚ್ಚರಿಕೆಗೆ. ಮತ್ತೆ, ಹುಳಿ ಹಿಡಿದ ಮೂಲೆಗಳಲ್ಲಿ ಅಡಗಿದವನ್ನು ಹುಡುಕಿ ಹೊಡೆಯುವುದಕ್ಕೆ.

ಈ ಲೆಕ್ಕ ಗೊತ್ತಿರದಿದ್ದಾಗ ಏನಾಯಿತು ಎಂಬುದಕ್ಕೆ ಮನುಷ್ಯರ ಮೇಲೇ ನಡೆದ ಪುರಾವೆ ಇದೆ. 1943ರಲ್ಲಿ ನ್ಯೂಜೆರ್ಸಿಯ ರಟ್‌ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್‌ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ. ಯುದ್ಧದಲ್ಲಿ ಬಸವಳಿದ ಬ್ರಿಟನ್ನಿಗೆ ಅದನ್ನು ಹೆಚ್ಚು ಕೊಳ್ಳುವಷ್ಟು ಡಾಲರ್ ಇರಲಿಲ್ಲ. ಸಿಗುವುದೇ ಕೊಂಚ, ಎಲ್ಲರಿಗೂ ಕೊಡಲಾಗದು. ಹಾಗಾದರೆ ಚೀಟಿ ಎತ್ತಿದಂತೆ ಆರಿಸಿ ಕೆಲವರಿಗೆ ಕೊಟ್ಟು, ಮಿಕ್ಕವರಿಗೆ ಬರೀ ವಿಶ್ರಾಂತಿ ಕೊಟ್ಟು ಹೋಲಿಸೋಣ ಎಂದರು. ಇವತ್ತು ಪ್ರತಿ ಹೊಸ ಔಷಧವೂ ದಾಟಬೇಕಾದ ಯಾದೃಚ್ಛಿಕ ಪ್ರಯೋಗದ ಪದ್ಧತಿ ನೆಲೆಯಾದದ್ದು ಆ ಬಡತನದಿಂದ. 55 ಮಂದಿಗೆ ಇಂಜೆಕ್ಷನ್, 52 ಮಂದಿಗೆ ಹಾಸಿಗೆ. ಆರು ತಿಂಗಳಲ್ಲಿ ಇಂಜೆಕ್ಷನ್ ಪಡೆದವರಲ್ಲಿ 4 ಜನ ಸತ್ತರೆ ಹಾಸಿಗೆಯವರಲ್ಲಿ 14. ಗೆದ್ದೆವು ಅಂದುಕೊಂಡರು. ಆದರೆ ಔಷಧ ಪಡೆದ ಬಹುಪಾಲು ಜನರ ಕಫದಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ರೋಗಾಣುಗಳು ಕಂಡವು, ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪಿನ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಆಮೇಲೆ ಪಿ.ಎ.ಎಸ್. ಎಂಬ ಇನ್ನೊಂದು ಔಷಧವನ್ನು ಜೊತೆಗೆ ಕೊಟ್ಟು ನೋಡಿದಾಗ ನಿರೋಧ ಥಟ್ಟನೆ ಇಳಿಯಿತು.

ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಇದೆ. ಅವಳೊಳಗೆ ಮಲಗಿರುವ ರೋಗಾಣುಗಳು ನೂರು ಕೋಟಿ ಅಲ್ಲ. ಕೆಲವು ಸಾವಿರವೋ, ಹೆಚ್ಚೆಂದರೆ ಲಕ್ಷದ ಆಜುಬಾಜೋ. ಹತ್ತು ಕೋಟಿಗೊಂದು ಸಿಗುವುದು ಅಲ್ಲಿ ಸಿಗುವ ಸಂಭವ ಇಲ್ಲವೆಂದೇ ಹೇಳಬೇಕು. ಅದಕ್ಕೇ ಒಂದೇ ಮಾತ್ರೆ ಸಾಕು. ಆದರೆ ಆ ಒಂದನ್ನು ಕೊಡುವ ಮೊದಲು ಕಾಯಿಲೆ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ಎಕ್ಸ್‌ರೇ ತೆಗೆಸಿ, ಕೆಮ್ಮಿದೆಯೇ, ಜ್ವರವಿದೆಯೇ ಎಂದು ನರ್ಸು ಅವಳನ್ನು ಪೊಲೀಸರಂತೆ ವಿಚಾರಿಸಿದ್ದು ಅದಕ್ಕೇ. ಹಿಂದೆ ಇಂಥವರಿಗೆ ಒಂಬತ್ತು ತಿಂಗಳು ಐಸೋನಿಯಾಜಿಡ್ ಕೊಡುತ್ತಿದ್ದರು; ಅರ್ಧಕ್ಕೆ ಬಿಡುವವರು ಬಹಳ, ಪಿತ್ತಜನಕಾಂಗಕ್ಕೂ ಪೆಟ್ಟು. ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದ ಡಿಕ್ ಮೆಂಜೀಸ್ ಮತ್ತು ಸಂಗಡಿಗರು ಒಂಬತ್ತು ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರಲ್ಲಿ ಹೋಲಿಸಿ, ನಾಲ್ಕು ತಿಂಗಳ ರಿಫಾಂಪಿಸಿನ್ ಅದಕ್ಕೆ ಸರಿಸಮ, ತೊಂದರೆ ಕಡಿಮೆ ಎಂದು 2018ರಲ್ಲಿ ತೋರಿಸಿದರು. ಅವಳ ಡಬ್ಬಿಯಲ್ಲಿದ್ದದ್ದು ಆ ಅಧ್ಯಯನದ ಫಲ.

“ಹಂಗಾದ್ರೆ ಎರಡಕ್ಕೂ ಬಗ್ಗದ ಟಿ.ಬಿ. ಪ್ರಪಂಚದಲ್ಲಿ ಇರಲೇಬಾರದಿತ್ತಲ್ಲ?” ಅಂದಳು. ಲಾಯರ್ ಆಗಬೇಕಿತ್ತು ಇವಳು.

ಇರಬಾರದಿತ್ತು. ಆದರೆ 2023ರಲ್ಲಿ ರಿಫಾಂಪಿಸಿನ್‌ಗೋ, ಅದರ ಜೊತೆ ಐಸೋನಿಯಾಜಿಡ್‌ಗೂ ಬಗ್ಗದ ಕ್ಷಯ ಸುಮಾರು ನಾಲ್ಕು ಲಕ್ಷ ಜನರಿಗೆ ಬಂತೆಂದು ಅಂದಾಜು. ಕೋಟಿ ಕೋಟಿಗೊಂದು ಸಿಗಬೇಕಾದದ್ದು ಒಂದೇ ನೆಗೆತಕ್ಕೆ ಬರಲಿಲ್ಲ, ಮೆಟ್ಟಿಲು ಹತ್ತಿ ಬಂತು. ಆ ಮೆಟ್ಟಿಲು ಕಟ್ಟಿಕೊಟ್ಟವರು ನಾವು. ಐಸೋನಿಯಾಜಿಡ್‌ಗೆ ಆಗಲೇ ಬಗ್ಗದ ರೋಗಿಗೆ ಗೊತ್ತಿಲ್ಲದೆ ಎರಡು ಔಷಧ ಕೊಟ್ಟರೆ, ಲೆಕ್ಕದಲ್ಲಿ ಅವನು ನುಂಗುತ್ತಿರುವುದು ಒಂದೇ. ಅಂಗಡಿಯಲ್ಲಿ ಎರಡರಲ್ಲಿ ಒಂದು ಮುಗಿದಿದ್ದರೂ ಅಷ್ಟೇ. ಡಾಕ್ಟರು ತಪ್ಪು ಬರೆದರೂ ಅಷ್ಟೇ: 1991ರಲ್ಲಿ ಮುಂಬೈಯ ಕೊಳೆಗೇರಿ ಪ್ರದೇಶದ 100 ಖಾಸಗಿ ವೈದ್ಯರನ್ನು ಕ್ಷಯಕ್ಕೆ ಏನು ಬರೆಯುತ್ತೀರಿ ಎಂದು ಕೇಳಿದಾಗ 80 ಬಗೆಯ ಚೀಟಿ ಬಂದವು. 2024ರ ಮೊದಲ ತಿಂಗಳುಗಳಲ್ಲಿ ಹಲವು ರಾಜ್ಯಗಳಲ್ಲಿ ಸರ್ಕಾರಿ ದಾಸ್ತಾನು ಸಾಲದೆ ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ಕೇಂದ್ರ ಹೇಳಬೇಕಾಯಿತು. ಇನ್ನೂ ಒಂದು ಕಾರಣವಿದೆ. ಎಲ್ಲ ಮಾತ್ರೆಯನ್ನೂ ತಪ್ಪದೆ ನುಂಗಿದವನ ಎದೆಯಲ್ಲೂ ಗಿಣ್ಣಿನಂತೆ ಗಟ್ಟಿಯಾದ ಸತ್ತ ಮಾಂಸದೊಳಗೆ ಒಂದು ಔಷಧ ಇಳಿದು ಇನ್ನೊಂದು ಇಳಿಯದೆ ಹೋಗಬಹುದು. ಆ ಮೂಲೆಯ ಮಟ್ಟಿಗೆ ಅವನಿಗೂ ಒಂದೇ ಔಷಧ.

ಇಷ್ಟಾದರೂ ಬೈಗುಳ ಮಾತ್ರ ರೋಗಿಗೆ. ‘ಕೋರ್ಸು ಮುಗಿಸಲಿಲ್ಲ, ಅದಕ್ಕೇ ಹೀಗಾಯ್ತು.’ ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮದೇ ಜಿಲ್ಲೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಬೆಂಗಳೂರಿನ ಸಂಸ್ಥೆ ಶುರುವಾದ ಕಾಲದ ಪಂಡಿತರ ನಂಬಿಕೆ ಹೀಗಿತ್ತು: ಹಳ್ಳಿಗರಿಗೆ ಕ್ಷಯದ ಅರಿವಿಲ್ಲ, ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ವ್ಯಾನು ತೆಗೆದುಕೊಂಡು ಮನೆಬಾಗಿಲಿಗೆ ಹೋಗಿ ಹಿಡಿಯಬೇಕು. ಸಂಸ್ಥೆಯ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುತೇಕ ರೋಗಿಗಳಿಗೆ ತಮಗೇನೋ ಆಗಿದೆಯೆಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧದ ಒಂದು ಶೀಶೆ ಕೊಟ್ಟು ಅವರನ್ನು ಮನೆಗೆ ಕಳಿಸಿದ್ದರು. ಕೆಮ್ಮಿಕೊಂಡು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಡಿ ನೋಡಿ, ಅಲ್ಲೇ ಔಷಧ ಕೊಡಿ ಎಂಬ ದೇಶದ ಕ್ಷಯ ಕಾರ್ಯಕ್ರಮದ ತಳಹದಿ ಬಿದ್ದದ್ದು ಇಂಥ ಅಧ್ಯಯನಗಳ ಮೇಲೆ. ತುಮಕೂರಿನವರಿಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ನನಗೂ ಹೇಳಲಿಲ್ಲ.

ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿತು. ಕಾರ್ಯಕ್ರಮ ಇನ್ನೂ ಅಲ್ಲಿಗೆ ಮುಟ್ಟಿರದ ಕಾಲ. ಕಫದಲ್ಲಿ ರೋಗಾಣು ಕಂಡ 126 ಜನ ಐದು ವರ್ಷದಲ್ಲಿ ಏನಾದರು ಎಂದು ನೋಡಿದರೆ ಸುಮಾರು ಅರ್ಧ ಸತ್ತಿದ್ದರು, ಮೂರನೇ ಒಂದು ಭಾಗ ತಾವಾಗಿ ವಾಸಿಯಾಗಿದ್ದರು, ಉಳಿದವರು ಇನ್ನೂ ರೋಗಾಣು ಕೆಮ್ಮುತ್ತಿದ್ದರು. ಇವತ್ತು ಯಾವ ದೇಶವೂ ಇಂಥ ಅಧ್ಯಯನ ಮಾಡಲು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಆ ಮೂರನೇ ಗುಂಪನ್ನು ನೋಡಿ. ಅರೆಬರೆ ಚಿಕಿತ್ಸೆ ಸಾಯುವವರನ್ನು ಉಳಿಸಿ, ಪೂರ್ತಿ ವಾಸಿಯೂ ಮಾಡದೆ ಆ ಗುಂಪಿಗೆ ತಂದು ಸೇರಿಸುತ್ತದೆ. ಅವರ ಎದೆಯಲ್ಲಿ ಜರಡಿ ಹಿಡಿದು ಉಳಿದವೇ ತುಂಬಿರುತ್ತವೆ, ಪ್ರತಿ ಕೆಮ್ಮಿಗೂ ಅವೇ ಹೊರಬರುತ್ತವೆ.

ಜರಡಿ ತರಿಯನ್ನು ಹುಟ್ಟಿಸುವುದಿಲ್ಲ ಎಂದು ಮೇಲೆ ಖಡಾಖಂಡಿತವಾಗಿ ಬರೆದೆ. ಅದಕ್ಕೊಂದು ತಿದ್ದುಪಡಿಯೂ ಬೆಂಗಳೂರಿನಿಂದಲೇ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಅಜಿತ್‌ಕುಮಾರ್ ತಂಡ ಕ್ಷಯದ ರೋಗಾಣುಗಳನ್ನು ದಿನಗಟ್ಟಲೆ ಔಷಧದಲ್ಲೇ ಇಟ್ಟು ನೋಡಿತು. ಬಹುಪಾಲು ಸತ್ತವು. ಕೆಲವು ಮಾತ್ರ ನಿರೋಧದ ಜೀನೇನೂ ಇಲ್ಲದೆ, ಸುಮ್ಮನೆ ಉಸಿರು ಬಿಗಿಹಿಡಿದಂತೆ ಉಳಿದವು. ಹಾಗೆ ಉಳಿದವುಗಳೊಳಗೆ ಡಿಎನ್‌ಎಯನ್ನೇ ಕಚ್ಚುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಕಣಗಳು ಹೆಚ್ಚಿದ್ದವು. ಅವುಗಳ ಪೆಟ್ಟಿನಿಂದ ನಕಲಿನ ತಪ್ಪುಗಳು ಹೆಚ್ಚಿ, ಆ ಗುಂಪಿನಿಂದಲೇ ನಿಜವಾಗಿ ಮದ್ದಿಗೆ ಬಗ್ಗದವು ಎದ್ದುಬಂದವು ಎಂದು 2017ರಲ್ಲಿ ಅವರು ಬರೆದರು. ಅಂದರೆ ಜರಡಿ ಪೂರ್ತಿ ಮುಗ್ಧವಲ್ಲ. ಆರು ತಿಂಗಳು ಮಾತ್ರೆ ನುಂಗಬೇಕಾದದ್ದು ಈ ಉಸಿರು ಬಿಗಿಹಿಡಿದ ಕೆಲವಕ್ಕೋಸ್ಕರ. ಮಿಕ್ಕವು ಮೊದಲ ಕೆಲವು ವಾರಗಳಲ್ಲೇ ಸತ್ತಿರುತ್ತವೆ. ಅದೇ ಸಂಸ್ಥೆಯ ಅಮಿತ್ ಸಿಂಗ್ ತಂಡ, ನಮ್ಮ ಕಾವಲು ಕೋಶದೊಳಗಿನ ಸ್ವಲ್ಪ ಹುಳಿ ವಾತಾವರಣವೇ ರೋಗಾಣುವಿಗೆ ಮದ್ದು ತಾಳಿಕೊಳ್ಳುವ ಶಕ್ತಿ ಕೊಡುತ್ತದೆಂದು ಕಂಡು, ಆ ಹುಳಿ ತಗ್ಗಿಸಲು ಮಲೇರಿಯಾದ ಹಳೆಯ ಕ್ಲೋರೋಕ್ವಿನ್ ಮಾತ್ರೆಯನ್ನೇ ಪ್ರಾಣಿಗಳಲ್ಲಿ ಜೊತೆಗೆ ಕೊಟ್ಟು ನೋಡಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶ ಭರವಸೆಯದು. ಮನುಷ್ಯರ ಮಟ್ಟಿಗೆ ದಾರಿ ಇನ್ನೂ ಉದ್ದವಿದೆ.

ಒಂದು ಕಾಲದಲ್ಲಿ ತಜ್ಞರಿಗೆ ಒಂದು ಸಮಾಧಾನವಿತ್ತು: ಮದ್ದಿಗೆ ಬಗ್ಗದ ರೋಗಾಣು ಕುಂಟುತ್ತದೆ, ಯಂತ್ರದ ಗಂಟಲು ಬದಲಿಸಿಕೊಂಡ ತಪ್ಪಿಗೆ ನಿಧಾನವಾಗಿ ಬೆಳೆಯುತ್ತದೆ, ಬೇರೆಯವರಿಗೆ ಅಷ್ಟಾಗಿ ಹರಡುವುದಿಲ್ಲ. ಬಹಳ ರೋಗಾಣುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕುಂಟುವುದಕ್ಕೂ ಊರುಗೋಲಿದೆ. ಅದೇ ಯಂತ್ರದ ಪಕ್ಕದ ಭಾಗದಲ್ಲಿ ಇನ್ನೊಂದು ಸಣ್ಣ ಬದಲಾವಣೆ ಆದರೆ ಮೊದಲಿನ ವೇಗ ಮರಳಿ ಬರುತ್ತದೆ, ನಿರೋಧ ಹಾಗೇ ಉಳಿಯುತ್ತದೆ. ಅಂಥವು ಮನೆಯಿಂದ ಮನೆಗೆ ಹರಡುತ್ತವೆ. ಹೊಸದಾಗಿ ಕ್ಷಯ ಬಂದವರಲ್ಲೂ ನೂರಕ್ಕೆ ಮೂರು ಜನರಿಗೆ ಇಂದು ಇಂಥ ಕ್ಷಯವೇ ಬರುತ್ತಿದೆ. ಹಿಂದೆಂದೂ ಟಿ.ಬಿ. ಮಾತ್ರೆಯನ್ನೇ ಮುಟ್ಟದವನಿಗೆ ‘ಕೋರ್ಸು ಬಿಟ್ಟೆ’ ಎಂದು ಹೇಗೆ ಬೈಯುವುದು? ಅವನಿಗೆ ಬೇಕಾದದ್ದು ಮೊದಲ ದಿನವೇ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂದು ಹೇಳುವ ಪರೀಕ್ಷೆ. ಬ್ಯಾಟರಿಯ ಮೇಲೆ ನಡೆಯುವ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕೂರುವ ಟ್ರೂನ್ಯಾಟ್ ಯಂತ್ರ ಒಂದೆರಡು ಗಂಟೆಯಲ್ಲಿ ಅದನ್ನು ಹೇಳುತ್ತದೆ. ಅದು ರೂಪುಗೊಂಡದ್ದೂ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಿನಲ್ಲಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಬೆನ್ನೆಲುಬಿನಂಥ ಆ ಎರಡು ಔಷಧಕ್ಕೂ ಬಗ್ಗದವಕ್ಕೆ ಬೆಡಾಕ್ವಿಲಿನ್ ಬಂತು. 2012ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅದು ನಲವತ್ತು ವರ್ಷಗಳ ನಂತರ ಕ್ಷಯಕ್ಕೆ ಸಿಕ್ಕ ಹೊಸ ಬಗೆಯ ಔಷಧ. ಅದಕ್ಕೆ ಮುಂಚೆ ಇಂಥ ರೋಗಿಗಳು ತಿಂಗಳುಗಟ್ಟಲೆ ಚುಚ್ಚಿಸಿಕೊಳ್ಳುತ್ತಿದ್ದ ಇಂಜೆಕ್ಷನ್ ಎಷ್ಟೋ ಜನರ ಕಿವಿಯನ್ನು ಕಿವುಡಾಗಿಸುತ್ತಿತ್ತು. ಹಾಗೆ ಕಿವಿ ಕಳೆದುಕೊಂಡ ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಒಟ್ಟಾಗಿ, ಬೆಡಾಕ್ವಿಲಿನ್ ಮೇಲಿನ ಪೇಟೆಂಟನ್ನು ಇನ್ನಷ್ಟು ವರ್ಷ ಎಳೆಯುವ ಅರ್ಜಿಗೆ ಭಾರತದಲ್ಲಿ ತಕರಾರು ಸಲ್ಲಿಸಿದರು. 2023ರ ಮಾರ್ಚಿನಲ್ಲಿ ಗೆದ್ದರು. ಈಗ ಆರು ತಿಂಗಳ, ಚುಚ್ಚುಮದ್ದಿಲ್ಲದ ಚಿಕಿತ್ಸೆ ಸಾಧ್ಯವಾಗಿದೆ.

ಆದರೆ ಬೆಡಾಕ್ವಿಲಿನ್‌ಗೂ ಬಗ್ಗದವು ಕಾಣತೊಡಗಿವೆ. ಒಳಬಂದ ಔಷಧವನ್ನು ಹೊರಗೆ ತಳ್ಳುವ ಪಂಪಿನ ಕಡಿವಾಣ ಕಳಚಿಕೊಂಡವು ಅವು. ಕುಷ್ಠರೋಗಕ್ಕೆ ಕೊಡುವ ಕ್ಲೊಫಾಜಿಮಿನ್‌ನಿಂದಲೂ ಅದೇ ಬದಲಾವಣೆಯಿಂದ ಅವು ತಪ್ಪಿಸಿಕೊಳ್ಳುತ್ತವೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸಾವಿರಾರು ಜೀನೋಮುಗಳನ್ನು ಜೋಡಿಸಿ ವಂಶವೃಕ್ಷ ಬರೆದಾಗ, ಪೆರು ದೇಶದಲ್ಲಿ ಹರಡಿರುವ ಒಂದು ಕವಲಿನಲ್ಲಿ ಈ ಬದಲಾವಣೆ ಮೂಡಿದ್ದು 18ನೇ ಶತಮಾನದ ಆಸುಪಾಸಿನಲ್ಲಿ ಎಂಬ ಅಂದಾಜಿಗೆ ಬಂದರು. ಬೆಡಾಕ್ವಿಲಿನ್ ಹುಟ್ಟಲು ಇನ್ನೂ ಸುಮಾರು ಮುನ್ನೂರು ವರ್ಷ ಬಾಕಿಯಿತ್ತು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಕಿಟಕಿಯಾಚೆಯ ಹಿಮ ನೋಡುತ್ತ ಕೂತಿದ್ದೆ.

ಮಾರ್ಚ್ ಕೊನೆಗೆ ಹಿಮ ಕರಗತೊಡಗಿದಾಗ ಅವಳನ್ನು ಹಂಬರ್ ನದಿಯ ದಂಡೆಗೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಕ್ಲೈನ್‌ಬರ್ಗ್ ದಾಟಿ, ನಮ್ಮ ವುಡ್‌ಬ್ರಿಜ್ ಹಾದು ಈ ನದಿ ತೆಂಕಲಿಗೆ ಟೊರೊಂಟೊ ಕಡೆ ಹರಿಯುತ್ತದೆ. ಸ್ವಲ್ಪ ಕೆಳಗೆ ವೆಸ್ಟನ್‌ನಲ್ಲಿ ಅದರ ದಂಡೆಯ ಮೇಲೆ, ಪುಸ್ತಕ ಪ್ರಕಾಶಕ ವಿಲಿಯಂ ಗೇಜ್ 1904ರಲ್ಲಿ ಬಡ ಕ್ಷಯರೋಗಿಗಳಿಗೆಂದು ಉಚಿತ ಆಸ್ಪತ್ರೆ ಕಟ್ಟಿಸಿದ. ಮದ್ದಿಲ್ಲದ ಕಾಲ, ಚಳಿಗಾಲದಲ್ಲೂ ರೋಗಿಗಳ ಹಾಸಿಗೆಯನ್ನು ತೆರೆದ ವರಾಂಡದಲ್ಲಿ ಹಾಕುತ್ತಿದ್ದರು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ, ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯ ಹೆಸರಿನಲ್ಲಿ ಎದ್ದ ಸ್ಯಾನಿಟೋರಿಯಂ ಇದರ ಅಕ್ಕತಂಗಿ ಇದ್ದಂತೆ. ವೆಸ್ಟನ್ನಿನದು ಈಗ ವೆಸ್ಟ್ ಪಾರ್ಕ್ ಎಂಬ ಪುನಶ್ಚೇತನ ಆಸ್ಪತ್ರೆ. ಮದ್ದಿಗೆ ಬಗ್ಗದ ಕ್ಷಯದವರಿಗೆ ಅಲ್ಲಿ ಇವತ್ತಿಗೂ ಹಾಸಿಗೆಯಿದೆ. ಕೆನಡಾದ ಚರಿತ್ರೆಯಲ್ಲಿ ಇದಕ್ಕಿಂತ ಕಹಿಯಾದ ಅಧ್ಯಾಯವೂ ಉಂಟು: ಉತ್ತರದ ಇನ್ಯೂಟ್ ಜನರನ್ನು ಹಡಗಿನಲ್ಲಿ ತಂದು ದಕ್ಷಿಣದ ಸ್ಯಾನಿಟೋರಿಯಂಗಳಲ್ಲಿ ವರ್ಷಗಟ್ಟಲೆ ಇಟ್ಟರು, ಸತ್ತವರನ್ನು ಎಲ್ಲಿ ಹೂತರೆಂದು ಎಷ್ಟೋ ಮನೆಯವರಿಗೆ ತಿಳಿಸಲೂ ಇಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2019ರಲ್ಲಿ.

ಏಪ್ರಿಲ್‌ನಲ್ಲಿ ಅವಳ ಕೊನೆಯ ಮಾತ್ರೆ ಮುಗಿಯಿತು. ಆ ಭಾನುವಾರ ನಮ್ಮ ಮನೆಯಲ್ಲೇ ಊಟ. ಊಟವಾದ ಮೇಲೆ ಊರಿಗೆ ಫೋನು ಹಚ್ಚಿದೆವು. ಅತ್ತಲಿಂದ ತಮ್ಮ ಮಾತಾಡುವಾಗ ನಡುನಡುವೆ ಕೆಮ್ಮುತ್ತಿದ್ದ.

“ಎಷ್ಟು ದಿನದಿಂದ ಈ ಕೆಮ್ಮು?”

“ಒಂದು ತಿಂಗಳಾಗಿರಬೇಕು ಕಣಣ್ಣ.”

“ಆಸ್ಪತ್ರೆಗೆ ಹೋಗಿದ್ಯಾ?”

“ಹೋಗದೆ ಏನು? ಎರಡು ಸಲ ಹೋಗಿ ಬಂದೆ.”

“ಕಫ ಟೆಸ್ಟ್ ಮಾಡಿಸಿದ್ರಾ?”

“ಅದೆಲ್ಲ ಏನಿಲ್ಲ. ಒಂದು ಬಾಟ್ಲು ಸಿರಪ್ ಕೊಟ್ಟವ್ರೆ.”

ಹುಡುಗಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.